ಮನೆಯಲ್ಲೇ ಕಟ್ಟಿದ ವಿಮಾನದ ಬಾಲಕ್ಕೆ ಕೈಗಾಡಿ ಟೈರ್ ಸಾಕೇ? ಫಾರ್ವರ್ಡ್‌ಗಳು ಹೇಳದೆ ಬಿಟ್ಟ ಸಂಗತಿ

ವರ್ಷಕ್ಕೆ ಒಂದೆರಡು ಸಲವಾದರೂ ಇಂಥದ್ದೊಂದು ವಿಡಿಯೋ ನಿಮ್ಮ ವಾಟ್ಸಾಪ್‌ಗೆ ಬಂದಿರುತ್ತದೆ. ಯಾವುದೋ ಊರಿನ ಯುವಕ ಬೈಕ್ ಇಂಜಿನ್, ಅಲ್ಯೂಮಿನಿಯಂ ಪೈಪು, ಟಾರ್ಪಾಲು ಸೇರಿಸಿ ವಿಮಾನ ಕಟ್ಟಿದ್ದಾನೆ. ಅದು ಹೊಲದಲ್ಲಿ ಓಡುತ್ತದೆ, ಹಿಂದೆ ಮಕ್ಕಳೂ ಓಡುತ್ತಾರೆ. ಕೆಳಗೆ 'ನಮ್ಮ ಹುಡುಗರ ತಲೆ ನೋಡಿ, ಬಾಲಕ್ಕೆ ಕೈಗಾಡಿ ಚಕ್ರ ಹಾಕಿ ಹಾರಿಸಿಬಿಟ್ಟ' ಎಂಬಂಥ ಸಾಲು ಇರುತ್ತದೆ. ಇದಕ್ಕೆ ಉತ್ತರವಾಗಿ ಗುಂಪಿನ ಇನ್ಯಾರೋ ಹಿರಿಯರು 'ವಿಮಾನದ ಟೈರ್ ಬೇರೆಯೇ, ಅದರಲ್ಲಿ ಗಾಳಿಯೇ ಇರುವುದಿಲ್ಲ, ಒಳಗೆಲ್ಲ ಗಟ್ಟಿ ರಬ್ಬರ್' ಎಂದು ಬರೆಯುತ್ತಾರೆ. ಮೂರನೆಯವರು 'ಅದು ನೈಟ್ರೋಜನ್, ಗಾಳಿ ತುಂಬಿದರೆ ಸಿಡಿಯುತ್ತದೆ' ಎನ್ನುತ್ತಾರೆ.

ಮೂವರ ಮಾತಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ವಿಮಾನದ ಅತಿ ಚಿಕ್ಕ ಚಕ್ರದ ಹತ್ತಿರ ಹೋಗಿ ಕೂರಬೇಕು. ಟೈರ್ ವಿಷಯ ಮೈಸೂರು ಸೀಮೆಯವರಿಗೆ ಹೊಸದೂ ಅಲ್ಲ. ವಿಕ್ರಾಂತ್ ಟೈರ್ ಹುಟ್ಟಿದ್ದೇ ಮೈಸೂರಿನಲ್ಲಿ. ಬಿಳಿಕೆರೆಯಿಂದ ಹುಣಸೂರಿನವರೆಗೆ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಗಳಲ್ಲಿ ಟ್ರ್ಯಾಕ್ಟರ್‌ನಿಂದ ಸ್ಕೂಟರ್‌ವರೆಗೆ ಎಲ್ಲ ಅಳತೆಯ ಟೈರೂ ಒಂದರ ಮೇಲೊಂದು ಕೂತಿರುತ್ತವೆ.

ಬಾಲದಲ್ಲಿ ಚಕ್ರ ಯಾಕೆ?

ನೀವು ಮಂಡಕಳ್ಳಿ ನಿಲ್ದಾಣದಲ್ಲಿ ನೋಡುವ ಪ್ರಯಾಣಿಕರ ವಿಮಾನಕ್ಕೆ ಮೂತಿಯ ಕೆಳಗೆ ಒಂದು ಕಡೆ ಚಕ್ರ, ರೆಕ್ಕೆಗಳ ಹತ್ತಿರ ದೊಡ್ಡ ಚಕ್ರ. ಹಳೆಯ ವಿಮಾನಗಳು ಹೀಗಿರಲಿಲ್ಲ. ಎರಡು ದೊಡ್ಡ ಚಕ್ರ ಮುಂದೆ, ಬಾಲ ನೆಲದ ಹತ್ತಿರ. ಮೊದಮೊದಲು ಬಾಲಕ್ಕೆ ಚಕ್ರವೂ ಇರಲಿಲ್ಲ. ತುದಿಗೆ ಕಬ್ಬಿಣ ಹೊಡೆದ ಒಂದು ಮರದ ತುಂಡು ಇರುತ್ತಿತ್ತು. ಅದು ಹುಲ್ಲು ನೆಲದಲ್ಲಿ ಗೀರುತ್ತಾ ಬ್ರೇಕಿನ ಕೆಲಸವನ್ನೂ ಮಾಡುತ್ತಿತ್ತು. ಟಾರು, ಕಾಂಕ್ರೀಟಿನ ರನ್‌ವೇ ಬಂದ ಮೇಲೆ ಆ ತುಂಡಿನ ಜಾಗಕ್ಕೆ ಪುಟ್ಟ ಚಕ್ರ ಬಂತು.

ಕರ್ನಾಟಕದ ವಿಮಾನ ಚರಿತ್ರೆಯ ಒಂದು ಭಾಗ ಈ ಪುಟ್ಟ ಚಕ್ರದ ಮೇಲೆಯೇ ಓಡಿದೆ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮೊದಲು ಜೋಡಿಸಿದ ಹಾರ್ಲೋ ತರಬೇತಿ ವಿಮಾನಕ್ಕೆ ಬಾಲದ ಚಕ್ರವಿತ್ತು. ಡಾ. ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ಎಚ್‌ಟಿ-2, ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಎರಡು ಸೀಟಿನ ಪುಷ್ಪಕ್, ಮರುವರ್ಷದ ಕೃಷಕ್, 1972ರಲ್ಲಿ ಹೊಲಗಳಿಗೆ ಔಷಧಿ ಸಿಂಪಡಿಸಲೆಂದು ಬಂದ ಬಸಂತ್, ಇವೆಲ್ಲಕ್ಕೂ ಹಿಂದೆ ಒಂದು ಪುಟ್ಟ ಚಕ್ರ. ಬಸಂತ್ ವಿಷಯದಲ್ಲಿ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಹೊಲದ ಪಕ್ಕದ ಒರಟು ಪಟ್ಟಿಯಲ್ಲಿ ಇಳಿಯುವ ವಿಮಾನಕ್ಕೆ ಮೂತಿಯ ಚಕ್ರ ಗುಂಡಿಗೆ ಬಿದ್ದು ಮುರಿದರೆ ಇಡೀ ವಿಮಾನವೇ ಮುಗ್ಗರಿಸುತ್ತದೆ. ಬಾಲದ ಚಕ್ರ ಗುಂಡಿಗೆ ಬಿದ್ದರೆ ಸಾಮಾನ್ಯವಾಗಿ ಬಾಲ ಕುಕ್ಕುತ್ತದೆ, ಅಷ್ಟೇ. ಪ್ರೊಪೆಲ್ಲರ್ ಕೂಡ ನೆಲದಿಂದ ಎತ್ತರದಲ್ಲಿರುತ್ತದೆ. ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸಿಗಳು ಜಗತ್ತಿನಾದ್ಯಂತ ಇವತ್ತಿಗೂ ಬಾಲದ ಚಕ್ರ ಇಷ್ಟಪಡಲು ಇದೇ ಕಾರಣ. ಜೊತೆಗೆ ತೂಕ ಕಡಿಮೆ, ಖರ್ಚೂ ಕಡಿಮೆ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ನೊಗ ಕಳಚಿದ ಗಾಡಿಗೆ ಹಿಂದೆ ಭಾರ ಹೇರಿ, ಮೂಕಿ ಹಿಡಿಯದೆ ಇಳಿಜಾರಿನಲ್ಲಿ ಬಿಟ್ಟರೆ ಏನಾಗುತ್ತದೆ? ಸ್ವಲ್ಪ ಓರೆಯಾದರೆ ಸಾಕು, ಹಿಂದಿನ ಭಾರವೇ ಮುಂದೆ ಬರಲು ನೋಡಿ ಗಾಡಿ ತಿರುಗಿ ನಿಲ್ಲುತ್ತದೆ. ಬಾಲದ ಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರ ದೊಡ್ಡ ಚಕ್ರಗಳ ಹಿಂದೆ ಇರುತ್ತದೆ. ಇಳಿದು ಓಡುವಾಗ ಮೂತಿ ಓರೆಯಾದರೆ ಓರೆ ತಾನೇ ಹೆಚ್ಚುತ್ತಾ ಹೋಗಿ ವಿಮಾನ ಗಿರಕಿ ಹೊಡೆಯಬಹುದು. ಪೈಲಟ್‌ಗಳು ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ರೆಕ್ಕೆ ನೆಲಕ್ಕೆ ಬಡಿಯುತ್ತದೆ, ದೊಡ್ಡ ಚಕ್ರದ ಕಾಲು ಮುರಿಯುತ್ತದೆ. ವೇಗ ಇಳಿದ ಮೇಲೆ ಗಾಳಿಯ ಒತ್ತಡ ಸಾಲದೆ ಚುಕ್ಕಾಣಿ ಕೈಕೊಡುತ್ತದೆ. ಆ ಕೊನೆಯ ನೂರಿನ್ನೂರು ಅಡಿಯಲ್ಲಿ ವಿಮಾನವನ್ನು ನೇರವಾಗಿ ಇಡುವುದರಲ್ಲಿ ಈ ಪುಟ್ಟ ಚಕ್ರದ ಪಾತ್ರ ದೊಡ್ಡದು.

ಅದರ ಮೇಲೆ ಬೀಳುವ ಭಾರ ಎಷ್ಟು?

ಒಂದು ಉದಾಹರಣೆ ಲೆಕ್ಕ ಹಾಕೋಣ. ಇಬ್ಬರು ಕೂತ ಚಿಕ್ಕ ವಿಮಾನದ ಒಟ್ಟು ತೂಕ 600 ಕೆ.ಜಿ. ಎಂದುಕೊಳ್ಳಿ. ದೊಡ್ಡ ಚಕ್ರದಿಂದ ಬಾಲದ ಚಕ್ರಕ್ಕೆ 5 ಮೀಟರ್ ದೂರ. ಬಾಲ ನೆಲದ ಮೇಲಿರುವಾಗ ಗುರುತ್ವ ಕೇಂದ್ರ ದೊಡ್ಡ ಚಕ್ರಕ್ಕಿಂತ 40 ಸೆಂ.ಮೀ. ಹಿಂದೆ. ತಕ್ಕಡಿಯ ಲೆಕ್ಕದಂತೆ ಬಾಲದ ಪಾಲಿಗೆ 0.4 ಭಾಗಿಸು 5, ಅಂದರೆ ನೂರಕ್ಕೆ 8 ಭಾಗ. 48 ಕೆ.ಜಿ. ಹಿಂದಿನ ಜಾಗದಲ್ಲಿ ಚೀಲಗಳನ್ನಿಟ್ಟು ಕೇಂದ್ರ ಇನ್ನೂ 8 ಸೆಂ.ಮೀ. ಹಿಂದೆ ಸರಿದರೆ ಅದು ಸುಮಾರು 58 ಕೆ.ಜಿ. ಆಗುತ್ತದೆ.

ಇಷ್ಟೇನಾ ಎನಿಸಬಹುದು. ಕೈಗಾಡಿಯಲ್ಲಿ ಇದಕ್ಕಿಂತ ಹೆಚ್ಚು ಸಿಮೆಂಟು, ಗೊಬ್ಬರ ಹೇರುತ್ತೇವೆ. ಸರಿಯೇ, ನಿಂತ ಭಾರದ ಲೆಕ್ಕದಲ್ಲಿ ಕೈಗಾಡಿ ಟೈರ್ ಸೋಲುವುದಿಲ್ಲ. ಬಾಲ ರಪ್ಪನೆ ಕುಕ್ಕಿದಾಗ ಆ ಕ್ಷಣದ ಹೊಡೆತ ನಿಂತ ಭಾರದ ಹಲವು ಪಟ್ಟು ಇರುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನಿಜವಾದ ವ್ಯತ್ಯಾಸ ಇರುವುದು ವೇಗದಲ್ಲಿ. ನೀವು ಕೈಗಾಡಿ ತಳ್ಳುವುದು ಗಂಟೆಗೆ 5 ಕಿ.ಮೀ. ವೇಗದಲ್ಲಿ. ಅದರ ಚಕ್ರದ ಅಡ್ಡಳತೆ 35 ಸೆಂ.ಮೀ. ಇದ್ದರೆ ನಿಮಿಷಕ್ಕೆ 76 ಸುತ್ತು. ಚಿಕ್ಕ ವಿಮಾನ ಗಂಟೆಗೆ 70 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿತು, ಬಾಲದ ಚಕ್ರದ ಅಡ್ಡಳತೆ 20 ಸೆಂ.ಮೀ. ಎಂದಾದರೆ ನಿಮಿಷಕ್ಕೆ ಸುಮಾರು 1,850 ಸುತ್ತು. 15 ಸೆಂ.ಮೀ. ಚಕ್ರವಾದರೆ ಸುಮಾರು 2,475. ನಿಂತಿದ್ದ ಚಕ್ರ ನೆಲ ತಾಗಿದೊಡನೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಈ ವೇಗಕ್ಕೆ ಬರಬೇಕು. ಆ ಸುತ್ತಿನಲ್ಲಿ 15 ಸೆಂ.ಮೀ. ಚಕ್ರದ ಹೊರಮೈಯಲ್ಲಿರುವ ಪ್ರತಿಯೊಂದು ಗ್ರಾಂ ರಬ್ಬರೂ ತನ್ನ ತೂಕದ 500 ಪಟ್ಟು ಬಲದಿಂದ ಹೊರಗೆ ಜಗ್ಗುತ್ತದೆ. ಹತ್ತು ಗ್ರಾಂ ಕೆಸರು ಅಂಟಿದ್ದರೆ ಅದು 5 ಕೆ.ಜಿ.ಯಷ್ಟು ಜಗ್ಗುತ್ತದೆ.

ಇಲ್ಲಿ ಕೈಗಾಡಿಯ ಚಕ್ರ ಸೋಲುತ್ತದೆ. ಟೈರಿಗಿಂತ ಮೊದಲು ಸೋಲುವುದು ಹೆಚ್ಚಾಗಿ ಅದರ ನಡುವಿನ ಬುಷ್ಷು ಮತ್ತು ಪ್ಲಾಸ್ಟಿಕ್ ರಿಮ್ಮು. ನಿಧಾನ ನಡಿಗೆಗೆಂದು ಮಾಡಿದ ಬುಷ್ ನಿಮಿಷಕ್ಕೆ ಎರಡು ಸಾವಿರ ಸುತ್ತಿನಲ್ಲಿ ಕಾದು ಹಿಡಿದುಕೊಳ್ಳುತ್ತದೆ. ಹಿಡಿದ ಚಕ್ರ ಉರುಳುವುದಿಲ್ಲ, ಎಳೆಯಲ್ಪಡುತ್ತದೆ. ಅದೂ ಒಂದು ಬದಿಗೆ. ವಿಡಿಯೋದಲ್ಲಿ ಹೊಲದ ಒಳಗೆ ಇಪ್ಪತ್ತು ಕಿ.ಮೀ. ವೇಗದಲ್ಲಿ ಓಡಿದ 'ವಿಮಾನ'ದ ಚಕ್ರ ಚೆನ್ನಾಗಿಯೇ ಇತ್ತಲ್ಲ ಎಂದು ವಾದಿಸುವವರು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು.

ಆದರೂ ಫಾರ್ವರ್ಡ್ ಕಳಿಸಿದವರ ಪರವಾಗಿ ಒಂದು ಮಾತು ಹೇಳಲೇಬೇಕು. ವಿದೇಶಗಳಲ್ಲಿ ಚಿಕ್ಕ ವಿಮಾನಗಳ ಬಾಲಕ್ಕೆ ಹೆಚ್ಚಾಗಿ ಬಳಸುವ ಗಾಳಿ ಟೈರಿನ ಅಳತೆ 2.80/2.50-4. ಇದೇ ಅಳತೆಯ ಟೈರು ಗೋದಾಮಿನ ಕೈಗಾಡಿಗಳಲ್ಲಿ, ಅಂಗವಿಕಲರ ಬ್ಯಾಟರಿ ಸ್ಕೂಟರ್‌ಗಳಲ್ಲಿಯೂ ಇದೆ. ಕೊನೆಯ 4 ಎಂದರೆ ಟೈರು ಕೂರುವ ರಿಮ್ಮಿನ ಅಡ್ಡಳತೆ 4 ಇಂಚು. ಮೊದಲ ಅಂಕಿಗಳು ಟೈರಿನ ಅಗಲ, ಅದೂ ಇಂಚಿನಲ್ಲಿ. ಅಳತೆ ಒಂದೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಹವ್ಯಾಸಿಗಳು ಕೂರಿಸಿದ್ದೂ ಉಂಟು. ಆದರೆ ಒಂದೇ ಅಳತೆಯ ಚಪ್ಪಲಿಯೆಲ್ಲ ಒಂದೇ ಬಾಳಿಕೆ ಬರುವುದಿಲ್ಲವಲ್ಲ. ಕೈಗಾಡಿಯ ಟೈರನ್ನು ಯಾರೂ ಆ ವೇಗಕ್ಕೆ ಪರೀಕ್ಷಿಸಿ ಮಾರಿರುವುದಿಲ್ಲ. ಟೈರಿನ ಪಕ್ಕದಲ್ಲಿ ಬರೆದಿರುವ '4 ಪ್ಲೈ' ಎಂಬುದನ್ನು ನಂಬಿ ಒಳಗೆ ನಾಲ್ಕು ಪದರ ದಾರ ಇದೆ ಎಂದುಕೊಳ್ಳುವವರೂ ಇದ್ದಾರೆ. ಈಗ ಅದು ಪದರದ ಎಣಿಕೆಯಲ್ಲ, ಬಲದ ದರ್ಜೆ. ನಿಜವಾದ ಪದರ ಎರಡೇ ಇರಬಹುದು.

ಗಟ್ಟಿ ರಬ್ಬರೋ, ಗಾಳಿಯೋ?

ಹಿರಿಯರು ಹೇಳಿದ 'ಗಟ್ಟಿ ರಬ್ಬರ್' ಮಾತು ಪೂರ್ತಿ ಸುಳ್ಳಲ್ಲ. ಜೆಟ್ ವಿಮಾನಗಳ ಟೈರ್ ಒಳಗೆ ಗಾಳಿಯ ಒತ್ತಡವೇ ಇರುತ್ತದೆ, ಸುಮಾರು 200 ಪಿಎಸ್‌ಐ. ನಿಮ್ಮ ಕಾರಿನದರ ಆರೇಳು ಪಟ್ಟು. ಆದರೆ ಪುಟ್ಟ ವಿಮಾನಗಳ ಬಾಲದಲ್ಲಿ ಗಟ್ಟಿ ರಬ್ಬರಿನ ಚಕ್ರ ನಿಜವಾಗಿಯೂ ಇದೆ. ಯಾವುದನ್ನು ಆರಿಸಬೇಕು ಎಂಬುದು ನೀವು ಇಳಿಯುವ ನೆಲ ಹೇಳುತ್ತದೆ.

ಕಬ್ಬಿಣದ ಪಟ್ಟಿ ಹೊಡೆದ ಎತ್ತಿನ ಗಾಡಿ ಮತ್ತು ಟೈರ್ ಗಾಡಿ ಎರಡನ್ನೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಭಾರ, ಆದರೆ ಮಳೆ ಬಿದ್ದ ಹೊಲದಲ್ಲಿ ಪಟ್ಟಿಯ ಗಾಲಿ ಹೂತುಹೋಗುತ್ತದೆ, ಟೈರ್ ಗಾಡಿ ದಾಟುತ್ತದೆ. ಮೇಲಿನ ಉದಾಹರಣೆಯ 48 ಕೆ.ಜಿ. ಭಾರವನ್ನೇ ತೆಗೆದುಕೊಳ್ಳಿ. ಟೈರಿನೊಳಗಿನ ಒತ್ತಡ ಚದರ ಸೆಂ.ಮೀ.ಗೆ 2 ಕೆ.ಜಿ. (ಸುಮಾರು 28 ಪಿಎಸ್‌ಐ) ಇದ್ದರೆ ಟೈರ್ ಚಪ್ಪಟೆಯಾಗಿ ನೆಲವನ್ನು 24 ಚದರ ಸೆಂ.ಮೀ. ಜಾಗದಲ್ಲಿ ತಬ್ಬುತ್ತದೆ, ಹೆಚ್ಚುಕಡಿಮೆ ಒಂದೂವರೆ ಬೆಂಕಿಪೊಟ್ಟಣದಷ್ಟು. ಗಟ್ಟಿ ರಬ್ಬರಿನ ಕಿರಿದಾದ ಚಕ್ರ ಅಷ್ಟು ಬಗ್ಗುವುದಿಲ್ಲ. ಅದು 6 ಚದರ ಸೆಂ.ಮೀ. ಮಾತ್ರ ತಾಗಿದರೆ ನೆಲದ ಮೇಲಿನ ಒತ್ತಡ ನಾಲ್ಕು ಪಟ್ಟಾಗಿ 8 ಕೆ.ಜಿ. ಆಗುತ್ತದೆ. ಹದವಾಗಿ ಉತ್ತ ಕೆಂಪು ಮಣ್ಣಿನಲ್ಲಿ, ಮಳೆಗಾಲದ ಹುಲ್ಲಿನಲ್ಲಿ ಅದು ನೇಗಿಲಿನಂತೆ ಗೆರೆ ಎಳೆಯುತ್ತದೆ.

ಹಾಗಾದರೆ ಗಾಳಿ ಟೈರೇ ಒಳ್ಳೆಯದೇ? ಟಾರು ರನ್‌ವೇಯಲ್ಲಿ ಮಾತ್ರ ಹಾರುವವರಿಗೆ ಗಟ್ಟಿ ಚಕ್ರದ ಲಾಭ ಬೇರೆ. ಪಂಕ್ಚರ್ ಇಲ್ಲ, ಗಾಳಿ ನೋಡುವ ಗೋಜಿಲ್ಲ, ಚಿಕ್ಕದು, ಹಗುರ. ನಮ್ಮ ಕಡೆಯ ಬಯಲಿನಲ್ಲಿ ಪಂಕ್ಚರ್ ತಮಾಷೆಯ ವಿಷಯವಲ್ಲ. ಬೇಸಿಗೆಯಲ್ಲಿ ಒಣಗಿದ ನೆಗ್ಗಿಲು ಮುಳ್ಳು ಸೈಕಲ್ ಟ್ಯೂಬಿಗೆ ಏನು ಮಾಡುತ್ತದೆಂದು ಶಾಲೆಗೆ ಸೈಕಲ್‌ನಲ್ಲಿ ಹೋದ ಯಾರನ್ನಾದರೂ ಕೇಳಿ. ಇಳಿಯುವ ಹೊತ್ತಿಗೆ ಬಾಲದ ಟೈರ್ ಚಪ್ಪಟೆಯಾಗಿದ್ದರೆ ವಿಮಾನ ಒಂದೇ ಕಡೆ ಎಳೆಯುತ್ತದೆ, ಮೇಲೆ ಇದ್ದಾಗ ಪೈಲಟ್‌ಗೆ ಅದು ತಿಳಿಯುವುದೂ ಇಲ್ಲ. ಗಟ್ಟಿ ಚಕ್ರದ ದೋಷವೆಂದರೆ ಪ್ರತಿ ಹರಳಿನ ಏಟನ್ನೂ ಹಾಗೆಯೇ ಸ್ಪ್ರಿಂಗಿಗೆ, ಬೋಲ್ಟಿಗೆ, ಬಾಲದ ಚೌಕಟ್ಟಿಗೆ ದಾಟಿಸುತ್ತದೆ. ಬಿರುಕು ಬಿಡುವುದು ಟೈರಲ್ಲ, ಅದರ ಮೇಲಿನ ಲೋಹ.

ನನ್ನನ್ನು ಕೇಳಿದರೆ ಹುಲ್ಲು-ಮಣ್ಣಿನ ಪಟ್ಟಿಗೆ ಗಾಳಿ ಟೈರ್, ಟಾರಿಗೆ ಗಟ್ಟಿ ಚಕ್ರ. ಎರಡರಲ್ಲೂ ಇಳಿಯುವವರು ಗಾಳಿ ಟೈರ್ ಹಾಕಿ ಪ್ರತಿ ಹಾರಾಟಕ್ಕೆ ಮುಂಚೆ ಬೆರಳಿನಿಂದ ಒತ್ತಿ ನೋಡದೆ ಗೇಜ್ ಹಚ್ಚಿ ನೋಡಬೇಕು. ಚಿಕ್ಕ ಟೈರಿನಲ್ಲಿ ಗಾಳಿಯ ಪ್ರಮಾಣವೇ ಕಡಿಮೆ, ಸ್ವಲ್ಪ ಸೋರಿದರೂ ಒತ್ತಡ ಬೇಗ ಬೀಳುತ್ತದೆ. ಪಂಕ್ಚರ್ ಆಗದಿರಲೆಂದು ಬೈಕ್ ಟೈರಿಗೆ ಸುರಿಯುವ ದ್ರವವನ್ನು ಇದಕ್ಕೂ ಸುರಿಯಬಹುದೇ ಎಂದು ಕೇಳುವವರಿದ್ದಾರೆ. ನಿಂತಾಗ ಅದು ಕೆಳಗೆ ಒಂದೇ ಕಡೆ ಶೇಖರವಾಗುತ್ತದೆ. ನಿಂತ ಚಕ್ರ ಒಮ್ಮೆಲೇ ಎರಡು ಸಾವಿರ ಸುತ್ತಿಗೆ ಏರುವಾಗ ಆ ಒಂಟಿ ಭಾರ ಚಕ್ರವನ್ನು ಅಲುಗಾಡಿಸುತ್ತದೆ.

ನಡುಗುವ ಚಕ್ರ

ಆಸ್ಪತ್ರೆಯ ಸ್ಟ್ರೆಚರ್ ಗಾಡಿಯನ್ನು ಜೋರಾಗಿ ತಳ್ಳುವಾಗ ಒಂದು ಚಕ್ರ ಮಾತ್ರ ಪಟಪಟ ಅಂತ ಎಡಬಲ ಬಡಿಯುವುದನ್ನು ನೋಡಿರುತ್ತೀರಿ. ಅದೇ ನಡುಕ ಬಾಲದ ಚಕ್ರಕ್ಕೂ ಬರುತ್ತದೆ, ಇಂಗ್ಲಿಷಿನಲ್ಲಿ ಶಿಮ್ಮಿ ಎನ್ನುತ್ತಾರೆ. ಇಡೀ ವಿಮಾನ ಅದುರುತ್ತದೆ. ಹೆಚ್ಚು ಹೊತ್ತು ನಡೆದರೆ ಬೋಲ್ಟು ಸಡಿಲವಾಗಿ, ಸ್ಪ್ರಿಂಗ್ ಮುರಿದು, ಚಕ್ರವೇ ಕಳಚಬಹುದು.

ನಡುಕ ಬಂದ ತಕ್ಷಣ ಜನ ಟೈರ್ ಬದಲಿಸುತ್ತಾರೆ. ಕೆಲವು ಸಲ ಟೈರಿನದ್ದೇ ತಪ್ಪಿರುತ್ತದೆ, ಗಾಳಿ ಕಡಿಮೆ ಇರುತ್ತದೆ ಅಥವಾ ಸವೆದು ಒಂದು ಕಡೆ ಬೋಳಾಗಿರುತ್ತದೆ. ಆದರೆ ಬಹಳ ಸಲ ಕಾರಣ ಮೇಲಿರುತ್ತದೆ. ಚಕ್ರ ತಿರುಗುವ ನಿಲುವಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಸಾಕಷ್ಟು ಮುಂದೆ ಬೀಳಬೇಕು. ಆ ಅಂತರವೇ ಚಕ್ರವನ್ನು ನೇರವಾಗಿ ಹಿಂಬಾಲಿಸುವಂತೆ ಮಾಡುವುದು. ವರ್ಷಗಳ ಕುಕ್ಕಾಟದಿಂದ ಪಟ್ಟಿ ಸ್ಪ್ರಿಂಗ್ ಚಪ್ಪಟೆಯಾದರೆ ಅಚ್ಚಿನ ಓರೆ ಬದಲಾಗಿ ಅಂತರ ಕುಗ್ಗುತ್ತದೆ, ನಡುಕ ಶುರುವಾಗುತ್ತದೆ. ಆಗ ಎಷ್ಟು ಹೊಸ ಟೈರ್ ಹಾಕಿದರೂ ಅಷ್ಟೇ. ಬೆನ್ನುನೋವಿಗೆ ಚಪ್ಪಲಿ ಬದಲಿಸಿದ ಹಾಗೆ.

ಕಡೆಗಣಿಸುವ ಇನ್ನೊಂದು ಸಂಗತಿ ತೂಕ. ದೊಡ್ಡ ಚಕ್ರ ಹಾಕಿದರೆ ಒಳ್ಳೆಯದಲ್ಲವೇ ಎನಿಸುವುದು ಸಹಜ, ಹೊಂಡ-ಗುಂಡಿ ಸುಲಭವಾಗಿ ದಾಟುತ್ತದೆ. ಆದರೆ ಗುರುತ್ವ ಕೇಂದ್ರಕ್ಕಿಂತ ನಾಲ್ಕೂವರೆ ಮೀಟರ್ ಹಿಂದೆ ಒಂದು ಕೆ.ಜಿ. ಸೇರಿಸಿದರೆ ನಮ್ಮ 600 ಕೆ.ಜಿ. ವಿಮಾನದ ಕೇಂದ್ರ ಮುಕ್ಕಾಲು ಸೆಂ.ಮೀ. ಹಿಂದೆ ಸರಿಯುತ್ತದೆ. ಚಿಕ್ಕ ವಿಮಾನದಲ್ಲಿ ಈ ಕೇಂದ್ರಕ್ಕೆ ಹಿಂದೆ-ಮುಂದೆ ಸರಿಯಲು ಇರುವ ಜಾಗ ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸು. ಎರಡು ಕೆ.ಜಿ. ಹೆಚ್ಚಿನ ಚಕ್ರ, ಹಿಂದೊಂದು ಚೀಲ, ಮುಂದೆ ಹಗುರ ಪೈಲಟ್ ಸೇರಿದರೆ ಮಿತಿ ದಾಟುವುದು ಕಷ್ಟವೇನಲ್ಲ. ಕೇಂದ್ರ ಮಿತಿಗಿಂತ ಹಿಂದೆ ಹೋದ ವಿಮಾನವನ್ನು ಆಕಾಶದಲ್ಲಿ ಹತೋಟಿಗೆ ತರುವುದು ಬಹಳ ಕಷ್ಟ. ಬಾಲ 5 ಸೆಂ.ಮೀ. ಎತ್ತರವಾದರೆ ನೆಲದ ಮೇಲೆ ವಿಮಾನ ನಿಲ್ಲುವ ಕೋನವೂ ಅರ್ಧ ಡಿಗ್ರಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಅಂದರೆ ಮೂರೂ ಚಕ್ರ ಒಟ್ಟಿಗೆ ಇಳಿಸುವಾಗ ರೆಕ್ಕೆಗೆ ಸಿಗುವ ಎತ್ತುವ ಬಲ ಕಡಿಮೆ, ಇಳಿಯುವ ವೇಗ ಹೆಚ್ಚು.

ನೈಟ್ರೋಜನ್ ಮಾತು

ಇದು ಎಲ್ಲಕ್ಕಿಂತ ಹೆಚ್ಚು ಓಡಾಡುವ ಫಾರ್ವರ್ಡ್. ಇದರ ಹಿಂದೆ ಒಂದು ದೊಡ್ಡ ದುರಂತವಿದೆ. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ಪತನವಾಗಿ ಅದರಲ್ಲಿದ್ದ 167 ಜನರೂ ಸತ್ತರು. ಬ್ರೇಕ್ ಹಿಡಿದುಕೊಂಡು ಚಕ್ರ ವಿಪರೀತ ಕಾದಿತ್ತು. ಟೈರಿನಲ್ಲಿ ನೈಟ್ರೋಜನ್ ಬದಲು ಸಾಮಾನ್ಯ ಗಾಳಿ ತುಂಬಲಾಗಿತ್ತು. ಬಿಸಿಗೆ ರಬ್ಬರಿನಿಂದ ಹೊರಟ ಅನಿಲದೊಂದಿಗೆ ಗಾಳಿಯ ಆಮ್ಲಜನಕ ಸೇರಿ ಟೈರ್ ಸ್ಫೋಟಿಸಿತು. ಆದ್ದರಿಂದ ದೊಡ್ಡ ವಿಮಾನಗಳಲ್ಲಿ ಬ್ರೇಕ್ ಇರುವ ಚಕ್ರಕ್ಕೆ ನೈಟ್ರೋಜನ್ ಶೋಕಿಯಲ್ಲ.

ಪುಟ್ಟ ವಿಮಾನದ ಬಾಲದ ಚಕ್ರಕ್ಕೆ ಬ್ರೇಕೇ ಇಲ್ಲ. ಅಷ್ಟು ಬಿಸಿಯಾಗುವ ದಾರಿಯೇ ಇಲ್ಲ. ಪಂಪಿನ ಗಾಳಿ ಸಾಕು. ಗಾಳಿಯಲ್ಲಿಯೂ ನೂರಕ್ಕೆ 78 ಭಾಗ ನೈಟ್ರೋಜನ್ನೇ. ಪೆಟ್ರೋಲ್ ಬಂಕಿನಲ್ಲಿ ನಿಮ್ಮ ಬೈಕಿಗೆ ನೈಟ್ರೋಜನ್ ತುಂಬಿಸಲು ದುಡ್ಡು ಕೇಳುವವರು ಮೆಕ್ಸಿಕೋದ ಕಥೆ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ. ಇದರ ಜೊತೆಗೇ ಬರುವ 'ವಿಮಾನದ ಟೈರಿಗೆ ರೀಸೋಲ್ ಇಲ್ಲ, ಒಮ್ಮೆ ಸವೆದರೆ ಎಸೆಯುತ್ತಾರೆ' ಎಂಬುದೂ ತಪ್ಪು. ದೊಡ್ಡ ಪ್ರಯಾಣಿಕ ವಿಮಾನಗಳ ಟೈರನ್ನು ಪರೀಕ್ಷಿಸಿ ಹಲವು ಬಾರಿ ರೀಸೋಲ್ ಮಾಡಿ ಬಳಸುತ್ತಾರೆ.

ಸಿಡಿಯುವ ಅಪಾಯ ಪುಟ್ಟ ಚಕ್ರದಲ್ಲಿ ಇರುವುದು ಬೇರೆ ಕಡೆ. ಅದು ಹಾರುವವನಿಗಲ್ಲ, ಪಂಕ್ಚರ್ ಹಾಕುವವನಿಗೆ. ಬಾಲದ ಚಕ್ರದ ರಿಮ್ಮು ಸಾಮಾನ್ಯವಾಗಿ ಎರಡು ಹೋಳು, ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಗಾಳಿ ಪೂರ್ತಿ ಬಿಡದೆ ಆ ಬೋಲ್ಟುಗಳನ್ನು ಬಿಚ್ಚಿದರೆ ಹೋಳುಗಳು ಮುಖಕ್ಕೆ ಹಾರುತ್ತವೆ. ವಾಲ್ವ್ ಪಿನ್ ತೆಗೆದು, ಟೈರನ್ನು ಕೈಯಲ್ಲಿ ಹಿಸುಕಿ ಚಪ್ಪಟೆಯಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಪ್ಯಾನರ್ ಮುಟ್ಟಬೇಕು. ಹೋಳು ರಿಮ್ಮಿನ ಕೆಲವು ಆಟೋ, ಸ್ಕೂಟರ್ ಚಕ್ರಗಳಿಗೂ ಇದೇ ಎಚ್ಚರ. ಚಿಕ್ಕದಲ್ವಾ ಅಂತ ಉಡಾಫೆ ಮಾಡುವುದೇ ಇಲ್ಲಿ ಅಪಾಯ.

ಕಟ್ಟಿದ್ದು ಸರಿ, ಹಾರಿಸಬಹುದೇ?

ಮನೆಯಲ್ಲಿ ಅಥವಾ ನಕ್ಷೆ ತರಿಸಿ ವಿಮಾನ ಕಟ್ಟುವುದು ನಮ್ಮಲ್ಲಿ ನಡೆಯದ ಮಾತೇನಲ್ಲ. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ಬರೆದ ಲಾಂಗ್-ಇಝಡ್ ವಿಮಾನದ ನಕ್ಷೆಯನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಅದಕ್ಕೆ ಪುಟ್ಟ ಚಕ್ರ ಇದ್ದದ್ದು ಮೂತಿಯಲ್ಲಿ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಎಕ್ಸ್-ಏರ್ ಎಂಬ ಹಗುರ ವಿಮಾನದ ಕಿಟ್‌ಗಳನ್ನು ಹೊರದೇಶಗಳಿಗೂ ಕಳಿಸಿದೆ. ಮುಂಬೈನಲ್ಲಿ ಮನೆಯ ಮಹಡಿಯ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರ ಸುದ್ದಿ ನಿಮಗೂ ಬಂದಿರಬಹುದು. ಆ ಸುದ್ದಿ ನಿಜ. ಅವರಿಗೆ ಡಿಜಿಸಿಎ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರ್ಮಿಟ್ ಸಿಕ್ಕಿದ್ದು 2019ರಲ್ಲಿ. ಕಟ್ಟುವುದಕ್ಕೆ ಹಿಡಿದ ವರ್ಷಗಳು ಬೇರೆ.

ನೋಂದಣಿ ಮತ್ತು ಪರ್ಮಿಟ್ ಇಲ್ಲದೆ ಯಾವ ವಿಮಾನವನ್ನೂ ಹಾರಿಸುವಂತಿಲ್ಲ. 1934ರ ಏರ್‌ಕ್ರಾಫ್ಟ್ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದ ಮೇಲೂ ಇದು ಬದಲಾಗಿಲ್ಲ. ಹೊಗೆಸೊಪ್ಪು ಕಿತ್ತ ಮೇಲೆ ಖಾಲಿ ಬಿದ್ದ ಹೊಲ ನಿಮ್ಮದೇ ಆದರೂ ಅದರ ಮೇಲಿನ ಆಕಾಶ ನಿಮ್ಮದಲ್ಲ. ಹಾಗಾಗಿ ವಿಡಿಯೋ ಬಂದಾಗ ವಿಮಾನದ ಬದಿಯಲ್ಲಿ ವಿಟಿ ಎಂದು ಶುರುವಾಗುವ ಐದು ಅಕ್ಷರ ಇದೆಯೇ ನೋಡಿ. ಚಕ್ರ ನಿಜಕ್ಕೂ ನೆಲ ಬಿಡುತ್ತದೆಯೇ, ಬಿಟ್ಟು ಮತ್ತೆ ಇಳಿದದ್ದನ್ನು ತೋರಿಸಿದ್ದಾರೆಯೇ ಎಂದೂ ನೋಡಿ. ಬಹಳ ವಿಡಿಯೋಗಳು ಇಳಿಯುವ ಭಾಗಕ್ಕೆ ಬರುವ ಮೊದಲೇ ಮುಗಿದುಹೋಗುತ್ತವೆ.

ನಿಮ್ಮ ಊರಲ್ಲೇ ಯಾರಾದರೂ ನಿಜವಾಗಿ ಕಟ್ಟುತ್ತಿದ್ದರೆ ಬಾಲದ ಟೈರಿನ ಪಕ್ಕ ಬಗ್ಗಿ ನೋಡಿ. ಕೆಲವು ಟೈರುಗಳಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನಿಮ್ಮ ಕಾರು, ಬೈಕಿನ ಟೈರಿನಲ್ಲೂ ಇದನ್ನು ಓದಬಹುದು. ಬಿಸಿಲಿಗೆ ಬಿದ್ದ ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ. ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೂದಲೆಳೆಯಂಥ ಬಿರುಕು ಬಾಯಿಬಿಟ್ಟರೆ ಮೇಲಿನ ಹಲ್ಲು ಎಷ್ಟೇ ಹೊಸದಾಗಿ ಕಂಡರೂ ಅದನ್ನು ತೆಗೆಸಿ. ಆಮೇಲೆ ಬಾಲವನ್ನು ಎತ್ತಿ ಹಿಡಿದು ಚಕ್ರವನ್ನು ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ, ಎಡಬಲ ಅಲುಗಿದರೆ, ಆ ದಿನ ಇಂಜಿನ್ ಚಾಲೂ ಮಾಡಬೇಡಿ ಎಂದು ಹೇಳಿ.